ನಿಲ್ಲಿಸಿ ನೋಡಿದ ಎಣ್ಣೆ

ನಮ್ಮ ಕಾರ್ಖಾನೆಯಲ್ಲಿ ಓಡುತ್ತಿರುವ ಯಂತ್ರವನ್ನು ಯಾರೂ ಮುಟ್ಟುವಂತಿಲ್ಲ. ಗೇರ್‌ಬಾಕ್ಸಿನಲ್ಲಿ ಎಣ್ಣೆ ಎಷ್ಟಿದೆ ಎಂದು ನೋಡುವುದಿದ್ದರೂ ಮೊದಲು ಶಟ್‌ಡೌನ್ ಪಡೆಯಬೇಕು, ಸ್ವಿಚ್ಚಿಗೆ ಬೀಗ ಹಾಕಬೇಕು, ಬೀಗಕ್ಕೆ ಕೆಂಪು ಚೀಟಿ ಕಟ್ಟಬೇಕು. ಚೀಟಿಯ ಮೇಲೆ ಕಟ್ಟಿದವನ ಹೆಸರು ಮತ್ತು ಕಾರಣ ಇರಬೇಕು. ಕಟ್ಟಿದವನೇ ಬಿಚ್ಚಬೇಕು, ಜನರಲ್ ಮ್ಯಾನೇಜರೇ ಬಂದು ನಿಂತರೂ ಬೇರೆಯವರು ಅದಕ್ಕೆ ಕೈ ಹಾಕುವಂತಿಲ್ಲ. ಇಪ್ಪತ್ತಾರು ವರ್ಷ ಮೇಂಟೆನೆನ್ಸ್ ವಿಭಾಗದಲ್ಲಿ ಕೆಲಸ ಮಾಡಿಯೂ ನನ್ನ ಹತ್ತು ಬೆರಳು ಹತ್ತಾಗಿಯೇ ಉಳಿದಿರುವುದು ಈ ನಿಯಮದಿಂದ. ನನ್ನ ಹೆಂಡತಿಯ ಕಾರು ಕೆಟ್ಟದ್ದೂ ಇದೇ ನಿಯಮದಿಂದ.

ಕಾರು ಅವಳದು. ಆ ಭಾನುವಾರ ನಾನು ಮರೆತದ್ದು ಇದನ್ನೇ, ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ. ಹತ್ತು ವರ್ಷದ ಹಿಂದೆ ಇಲ್ಲೇ ವಿಶಾಖಪಟ್ಟಣದ ಗಾಜುವಾಕ ಜಂಕ್ಷನ್ನಿನಲ್ಲಿ ಆಟೊ ಮಗುಚಿ ಅವಳ ಎಡಗಾಲಿನ ಪಾದದ ಕೀಲು ಮುರಿಯಿತು. ಪ್ಲೇಟು, ಸ್ಕ್ರೂ ಹಾಕಿ ಕೂಡಿಸಿದರು. ನಡೆಯುತ್ತಾಳೆ, ಆದರೆ ಆ ಪಾದ ಬಾಗುವುದಿಲ್ಲ. ಕ್ಲಚ್ ಒತ್ತುವುದಂತೂ ಆಗದ ಮಾತು. ಅವಳು ಖಾಸಗಿ ಆಸ್ಪತ್ರೆಯೊಂದರಲ್ಲಿ ಲ್ಯಾಬ್ ಟೆಕ್ನಿಷಿಯನ್. ಎರಡು ವರ್ಷ ನನ್ನ ಶಿಫ್ಟು ನೋಡಿಕೊಂಡು ಕೆಲಸಕ್ಕೆ ಹೋಗಿ ಬಂದಳು. ನಾನು ತಡ ಮಾಡಿದ ದಿನ ಆಸ್ಪತ್ರೆಯ ಗೇಟಿನ ಬಳಿ ಒಂಟಿ ಕಾಲಿನ ಮೇಲೆ ಭಾರ ಹಾಕಿ ನಿಂತಿರುತ್ತಿದ್ದಳು. ಆಮೇಲೆ ನಿವೃತ್ತರಾಗಿ ಊರಿಗೆ ಹೊರಟಿದ್ದ ವೈದ್ಯರೊಬ್ಬರಿಂದ ಆಟೊಮ್ಯಾಟಿಕ್ ಗೇರಿನ ಹಳೆಯ ಕಾರೊಂದನ್ನು ಕೊಂಡಳು. ಅದರಲ್ಲಿ ಕ್ಲಚ್ ಇಲ್ಲ, ಗೇರ್ ಲಿವರನ್ನು ‘ಡಿ’ಗೆ ತಂದು ಆಕ್ಸಿಲರೇಟರ್ ಒತ್ತಿದರೆ ಹೊರಡುತ್ತದೆ, ಎಡಗಾಲಿಗೆ ಕೆಲಸವೇ ಇಲ್ಲ. ಅವತ್ತಿನಿಂದ ಎಲ್ಲಿಗಾದರೂ ಹೊರಡುವಾಗ ಅವಳು ನನ್ನನ್ನು ಕೇಳಿದ್ದಿಲ್ಲ. ಹೇಳುತ್ತಾಳೆ, ಅಷ್ಟೇ.

ಆ ಕಾರಿಗೆ ಈಗ ಹದಿನೈದು ವರ್ಷ. ಯಾವ ದೂರೂ ಇರಲಿಲ್ಲ. ನನ್ನಂಥವನಿಗೆ ಅದಕ್ಕಿಂತ ದೊಡ್ಡ ಚಿಂತೆ ಇನ್ನೊಂದಿಲ್ಲ. ನಾನು ಗ್ಯಾಸ್ ಆಫ್ ಮಾಡಿದ್ದೇನೆಯೇ ಎಂದು ಲಿಫ್ಟಿನವರೆಗೆ ಹೋಗಿ ವಾಪಸ್ಸು ಬರುವವನು. ಸಮುದ್ರದಲ್ಲಿ ಎಲ್ಲೋ ವಾಯುಭಾರ ಕುಸಿತ ಅಂದರೆ ಇಲ್ಲಿ ಮೂರನೇ ಮಹಡಿಯಲ್ಲಿ ಬಕೆಟ್ಟುಗಳಿಗೆ ನೀರು ತುಂಬಿಸಿಡುವವನು. ಮೂರು ವಾರದಲ್ಲಿ ವಿಜಯವಾಡದಲ್ಲಿ ಅವಳ ಅಣ್ಣನ ಹೊಸ ಮನೆಯ ಗೃಹಪ್ರವೇಶವಿತ್ತು. ಭವಾನಿಪುರಂನಲ್ಲಿ, ನದಿಯ ಹತ್ತಿರ. ಸುಮಾರು ಮುನ್ನೂರೈವತ್ತು ಕಿಲೋಮೀಟರು. ತಾನೇ ಓಡಿಸಿಕೊಂಡು ಹೋಗುವುದಾಗಿ ಅವಳು ಅಣ್ಣನಿಗೆ ಹೇಳಿಯೂ ಬಿಟ್ಟಿದ್ದಳು.

ನಾನು ಫೋನಿನಲ್ಲಿ ಓದತೊಡಗಿದೆ. ಒಬ್ಬ, ಹಳೆಯ ಎಣ್ಣೆ ಬದಲಾಯಿಸದೆ ಗೇರ್‌ಬಾಕ್ಸ್ ಸತ್ತಿತು ಎಂದು ಬರೆದಿದ್ದ. ಇನ್ನೊಬ್ಬ, ಬದಲಾಯಿಸಿದ್ದರಿಂದಲೇ ಸತ್ತಿತು ಎಂದು ಬರೆದಿದ್ದ. ಇಬ್ಬರೂ ಒಬ್ಬರನ್ನೊಬ್ಬರು ಮೂರ್ಖ ಎಂದು ಕರೆದುಕೊಂಡಿದ್ದರು. ಹೆಚ್ಚು ಜೋರಾಗಿ ಬೈದವನನ್ನು ನಾನು ನಂಬಿದೆ.

ಭಾನುವಾರ ಅವಳು ಪಕ್ಕದ ಮನೆಯವರ ಕಾರಿನಲ್ಲಿ ಸಿಂಹಾಚಲದ ದೇವಸ್ಥಾನಕ್ಕೆ ಹೋದಳು. ನಾನು ಕಾರನ್ನು ಜ್ಯಾಕ್ ಮೇಲೆ ಎತ್ತಿ, ಗೇರ್‌ಬಾಕ್ಸಿನ ಕೆಳಗಿನ ಬೋಲ್ಟು ಬಿಚ್ಚಿದೆ. ಕುಂಕುಮ ಕದಡಿದ ಹಾಗೆ ಇರಬೇಕಾದ ಎಣ್ಣೆ ಕಾಫಿ ಡಿಕಾಕ್ಷನ್ನಿನ ಬಣ್ಣದಲ್ಲಿ ಸುರಿಯಿತು. ಅಬ್ಬ, ಸರಿಯಾದ ಸಮಯಕ್ಕೆ ಹಿಡಿದೆ ಎಂದು ಬೀಗಿದೆ. ಬಂದಷ್ಟನ್ನು ಅಳೆದು ಅಷ್ಟೇ ಹೊಸದನ್ನು ಹಾಕಬೇಕು ಎಂಬುದು ಯೋಜನೆ. ಅಳೆಯಲು ಅಡುಗೆಮನೆಯ ಗೆರೆ ಹಾಕಿದ ಪ್ಲಾಸ್ಟಿಕ್ ಜಗ್ ತಂದಿದ್ದೆ. ಅಳೆಯುವ ಮೊದಲೇ ನನ್ನದೇ ಮೊಣಕೈ ತಗುಲಿ ಎಣ್ಣೆ ಹಿಡಿದಿದ್ದ ಬೇಸಿನ್ ಮಗುಚಿತು. ಎಷ್ಟು ಬಂದಿತ್ತು, ಎಷ್ಟು ನೆಲದ ಪಾಲಾಯಿತು, ದೇವರಿಗೇ ಗೊತ್ತು.

ಆಗ ಉಳಿದದ್ದು ಒಂದೇ ದಾರಿ: ಬೋಲ್ಟು ಬಿಗಿದು, ಜ್ಯಾಕ್ ಇಳಿಸಿ, ಹೊಸ ಎಣ್ಣೆ ಹಾಕುತ್ತಾ, ಅಳೆಯುವ ಕಡ್ಡಿಯಲ್ಲಿ ಮಟ್ಟ ನೋಡುತ್ತಾ ಹೋಗುವುದು. ಇಲ್ಲಿ ನನ್ನ ಇಪ್ಪತ್ತಾರು ವರ್ಷದ ಅನುಭವ ಎದ್ದು ನಿಂತಿತು. ಎಂಜಿನ್ ಆಫ್ ಆಗಿದೆ ಎಂದು ಇನ್ನೊಮ್ಮೆ ಖಚಿತ ಮಾಡಿಕೊಂಡು ಕೀಲಿಯನ್ನು ಜೇಬಿಗೆ ಹಾಕಿಕೊಂಡೆ. ಸಾಲದು ಅಂತ ಆಫೀಸಿನಿಂದ ಬ್ಯಾಗಿನಲ್ಲಿ ಬಂದು ಉಳಿದಿದ್ದ ಒಂದು ಕೆಂಪು ಚೀಟಿಯನ್ನು ಸ್ಟೀರಿಂಗಿಗೆ ಕಟ್ಟಿದೆ. ಯಾರೂ ಇಲ್ಲದ ಪಾರ್ಕಿಂಗಿನಲ್ಲಿ, ನನ್ನಿಂದ ನನ್ನನ್ನೇ ಕಾಪಾಡಿಕೊಳ್ಳಲು. ಕಡ್ಡಿ ತೆಗೆದೆ, ಒರೆಸಿದೆ, ಅದ್ದಿದೆ, ನೋಡಿದೆ. ಎಣ್ಣೆ ಗೆರೆಗೆ ಸರಿಯಾಗಿ ಮುಟ್ಟುವವರೆಗೆ ಜಗ್ಗಿನಿಂದ ಹಾಕಿ ನಿಲ್ಲಿಸಿದೆ. ಒಂದು ತೊಟ್ಟು ಹೆಚ್ಚಿಲ್ಲ, ಒಂದು ತೊಟ್ಟು ಕಡಿಮೆಯಿಲ್ಲ. ಜಗ್ಗನ್ನು ಮೂರು ಸಲ ತೊಳೆದು ಕಪಾಟಿನಲ್ಲಿಟ್ಟೆ.

ಸೋಮವಾರ ಸಂಜೆ ಅವಳು ಚಪ್ಪಲಿ ಬಿಡುತ್ತಲೇ ಕೇಳಿದಳು.

“ಗಾಡಿಗೆ ಏನಾಗೈತಿ?”

“ಏನಾಯ್ತು?”

“ಡಿಗೆ ಹಾಕಿದ್ರ ಯೋಚನಿ ಮಾಡಿ ಹೊಂಡ್ತೈತಿ. ಮೊದಲ ಹಂಗಿರ್ಲಿಲ್ಲ.”

ಅವಳು ಬಳ್ಳಾರಿಯವಳು, ಮಾತು ಇವತ್ತಿಗೂ ಅಲ್ಲಿನದೇ. ನಾನು ಭದ್ರಾವತಿಯವನು. “ಬೆಳಗ್ಗೆ ಸ್ವಲ್ಪ ತಣ್ಣಗಿರುತ್ತಲ್ಲ, ಎಣ್ಣೆ ಗಟ್ಟಿಯಾಗಿರುತ್ತೆ ಕಣೆ,” ಅಂದೆ. ವಿಶಾಖಪಟ್ಟಣದಲ್ಲಿ, ಮೇ ತಿಂಗಳಲ್ಲಿ.

ಅವಳು ನನ್ನ ಮುಖವನ್ನೇ ನೋಡಿದಳು. “ನೀವೇನರ ಮುಟ್ಟೀರೇನು?”

“ಇಲ್ಲಪ್ಪ.”

ಈ ಒಂದಕ್ಷರ ಹೆಚ್ಚು ಸೇರಿಸಿ ಹೇಳಿದ ‘ಇಲ್ಲ’ದ ಬೆಲೆ ಆಗ ಗೊತ್ತಾಗಲಿಲ್ಲ. ಅವಳು ಅಡುಗೆಮನೆಗೆ ಹೋದಳು. ಸ್ವಲ್ಪ ಹೊತ್ತಿನ ಮೇಲೆ ಒಳಗಿನಿಂದ, “ಈ ಜಗ್ಗಿಗೆ ಏನ್ ವಾಸನಿ ಇದು,” ಅಂದಳು. ನನಗೆ ಕೇಳಿಸಲಿಲ್ಲ. ಅಂದರೆ, ಕೇಳಿಸದವನ ಹಾಗೆ ಟಿವಿಯ ಸದ್ದು ಏರಿಸಿದೆ.

ಮುಂದಿನ ಮೂರು ವಾರ ನಮ್ಮ ಮನೆ ಮಾತಿಲ್ಲದ ಯುದ್ಧಭೂಮಿ. ಅವಳು ದಿನಾ ಒಂದು ವರದಿ ಒಪ್ಪಿಸುವಳು: ಇವತ್ತು ಟರ್ನಿಂಗ್‌ನಾಗ ಜಾರ್ತು, ಇವತ್ತು ಏರಿನಾಗ ಎಂಜಿನ್ ಒದರ್ತು, ಗಾಡಿ ಮುಂದ ಹೋಗ್ಲಿಲ್ಲ. ನಾನು ದಿನಾ ಅವಳು ಸ್ನಾನಕ್ಕೆ ಹೋದಾಗ ಕೆಳಗಿಳಿದು ಕಡ್ಡಿ ತೆಗೆದು ನೋಡುವೆ. ಎಂಜಿನ್ ಆಫ್, ಕೀಲಿ ಜೇಬಿನಲ್ಲಿ. ಎಣ್ಣೆ ಗೆರೆಗೆ ಸರಿಯಾಗಿ. ಮಟ್ಟ ಸರಿಯಿದೆ ಅಂದಮೇಲೆ ಎಣ್ಣೆ ಬದಲಾಯಿಸಿದ್ದರಿಂದಲೇ ಗೇರ್‌ಬಾಕ್ಸ್ ಸಾಯುತ್ತಿದೆ ಎಂದಾಯಿತು. ಕಡಿಮೆ ಜೋರಾಗಿ ಬೈದವನೇ ಸರಿ ಎಂದಾಯಿತು. ಹೇಳಿಬಿಡೋಣ ಎಂದು ದಿನಾ ಮೆಟ್ಟಿಲು ಹತ್ತುವೆ. ಎರಡನೇ ಮಹಡಿಯಲ್ಲಿ ಮನಸ್ಸು ಬದಲಾಗುತ್ತಿತ್ತು.

ಹೊರಡುವ ಮುನ್ನಾದಿನ ಹೇಡಿಯ ಕೊನೆಯ ಉಪಾಯ ಹೂಡಿದೆ. “ರೈಲಿಗೆ ಹೋಗೋಣ್ವಾ? ನಿನಗೂ ಆಯಾಸ ಆಗಲ್ಲ.”

“ಯಾಕ? ಗಾಡಿಗೆ ಏನಾಗೈತಿ?”

ಅದೇ ಪ್ರಶ್ನೆ, ಮೂರು ವಾರದ ಹಿಂದಿನದು. ಬಾಗಿಲು ತೆರೆದಿಟ್ಟು ಒಳಗೆ ಬಾ ಎಂದ ಹಾಗಿತ್ತು. ನಾನು, “ಏನೂ ಇಲ್ಲ, ಸುಮ್ನೆ ಅಂದೆ,” ಎಂದು ಬಾಗಿಲು ಹಾಕಿಕೊಂಡೆ.

ಅನಕಾಪಲ್ಲಿ ದಾಟುವವರೆಗೆ ಅವಳು ರೇಡಿಯೊ ಹಾಕಿರಲಿಲ್ಲ. ಎಂಜಿನ್ನಿನ ಸದ್ದು ಕೇಳಿಸಿಕೊಳ್ಳುತ್ತಿದ್ದಳು. ಮೇಲ್ಸೇತುವೆ ಹತ್ತುವಾಗೆಲ್ಲ ಎಂಜಿನ್ ಕಿರುಚುವುದು, ಕಾರು ಮಾತ್ರ ಕೇಳಿಯೂ ಕೇಳದ ಸರ್ಕಾರಿ ಗುಮಾಸ್ತನ ಹಾಗೆ ತನ್ನ ಪಾಡಿಗಿರುವುದು. ಆಗ ಅವಳು ಆಕ್ಸಿಲರೇಟರಿನಿಂದ ಕಾಲನ್ನು ಅರ್ಧ ಎತ್ತಿ, ಗೇರು ಹಿಡಿದುಕೊಳ್ಳುವವರೆಗೆ ಕಾದು, ಮತ್ತೆ ಮೆಲ್ಲಗೆ ಒತ್ತುವಳು. ಮೂರು ವಾರದಲ್ಲಿ ತಾನೇ ಕಲಿತ ವಿದ್ಯೆ. ನನ್ನ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಿತ್ತು.

“ನಿಮ್ಮ ಕಾಲು ತಗೀರಿ ಅಲ್ಲಿಂದ,” ಅಂದಳು, ತಿರುಗಿ ನೋಡದೆ.

ರಾಜಮಂಡ್ರಿಯ ಹತ್ತಿರ ಇಡ್ಲಿ ತಿಂದೆವು. ಅವಳು ತಿಂದಳು. ನಾನು ಕಾರಿನ ಕೆಳಗೆ ಎಣ್ಣೆ ಸೋರುತ್ತಿದೆಯೇ ಎಂದು ಬಗ್ಗಿ ನೋಡುತ್ತಿದ್ದೆ. ಪಕ್ಕದ ಟೇಬಲ್ಲಿನವನು ಏನಾದರೂ ಬಿದ್ದುಹೋಯಿತೇ ಎಂದು ತೆಲುಗಿನಲ್ಲಿ ಕೇಳಿದ. “ಮರ್ಯಾದಿ,” ಅಂದಳು ಅವಳು, ಕನ್ನಡದಲ್ಲಿ.

ಹಾಗೂ ಹೀಗೂ ವಿಜಯವಾಡ ಮುಟ್ಟಿದೆವು. ಆಸ್ಪತ್ರೆಯಲ್ಲಿದ್ದ ಸಹೋದ್ಯೋಗಿಯೊಬ್ಬಳನ್ನು ನೋಡಿಕೊಂಡು ಹೋಗುವುದಿದ್ದರಿಂದ ಅವಳು ಮೇಲ್ಸೇತುವೆ ಬಿಟ್ಟು ಕೆಳಗಿನ ರಸ್ತೆ ಹಿಡಿದಳು. ಬೆಂಜ್ ಸರ್ಕಲ್‌ನಲ್ಲಿ, ಮಧ್ಯಾಹ್ನದ ಉರಿಯಲ್ಲಿ, ಹಸಿರು ದೀಪ ಬಿತ್ತು. ಅವಳು ಒತ್ತಿದಳು. ಎಂಜಿನ್ ಏರಿತು. ಕಾರು ಕದಲಲಿಲ್ಲ. ಮತ್ತೆ ಒತ್ತಿದಳು. ಹಿಂದೆ ಬಸ್ಸು, ಆಟೊ, ಬೈಕು ಎಲ್ಲ ಒಟ್ಟಿಗೆ ಹಾರನ್ ಹೊಡೆದವು. ಟ್ರಾಫಿಕ್ ಕಾನ್‌ಸ್ಟೇಬಲ್ ಬಂದು ಗಾಜು ತಟ್ಟಿದ. ಇಬ್ಬರು ಆಟೊದವರು ಇಳಿದು ನನ್ನ ಜೊತೆ ತಳ್ಳಿದರು. ಅವಳು ಸ್ಟೀರಿಂಗ್ ತಿರುಗಿಸಿ ಕಾರನ್ನು ಒಂದು ಷೋರೂಮಿನ ಮುಂದೆ ತಂದು ನಿಲ್ಲಿಸಿದಳು. ಆಮೇಲೆ ಇಳಿದು, ಕಾದ ಡಾಂಬರಿನ ಮೇಲೆ ಆ ಬಾಗದ ಪಾದ ಎಳೆದುಕೊಂಡು, ಮರದ ನೆರಳು ಹುಡುಕಿ ಹೋದಳು. ನೆರಳು ದೂರವಿತ್ತು. ಹತ್ತು ವರ್ಷದ ಹಿಂದೆ ಆಸ್ಪತ್ರೆಯ ಗೇಟಿನಲ್ಲಿ ನಿಲ್ಲುತ್ತಿದ್ದಳಲ್ಲ, ಹಾಗೇ ಒಂಟಿ ಕಾಲಿನ ಮೇಲೆ ಭಾರ ಹಾಕಿ ನಿಂತಳು.

ಅಲ್ಲಿಗೆ ಹೋಗಿ ಎಲ್ಲ ಹೇಳಿದೆ. ಭಾನುವಾರ, ಎಣ್ಣೆ, ಬೇಸಿನ್, ಜಗ್ಗು.

ಅವಳು ಕೊನೆಯವರೆಗೆ ಕೇಳಿದಳು. “ಎಣ್ಣಿ ಚೆಲ್ಲಿದ್ದಕ್ಕ ನಾ ಏನೂ ಅನ್ನಂಗಿಲ್ಲ. ಯಾರ ಕೈಯಾಗಾದ್ರೂ ಚೆಲ್ತೈತಿ. ಮೂರು ವಾರ ನಾ ಕೇಳಿದ್ದು ಯಾರ್ನ? ಮನಿ ಗ್ವಾಡೀನೇನು?”

“ಹೆದರಿಕೆಯಾಯ್ತು.”

“ನಿಮಗ ಹೆದರಿಕಿ. ಓಡಿಸಾಕಿ ನಾನು. ಲಾರಿ ಮುಂದ ಜಾರಿ ನಿಂತಿದ್ರ?”



ಅವಳು ಫೋನಿನಲ್ಲಿ ಎಲ್ಲ ಹೇಳಿ ಕರೆದ ಮೇಲೆ ಅವಳ ಅಣ್ಣ ಸ್ಕೂಟರಿನಲ್ಲಿ ಬಂದರು. ಪಂಪ್‌ಸೆಟ್ ವ್ಯಾಪಾರ ಮಾಡುವವರು, ನನಗಿಂತ ಐದು ವರ್ಷ ದೊಡ್ಡವರು. ಸರ್ಕಾರಿ ಕಾರ್ಖಾನೆಯವರು ಕೆಲಸ ಮಾಡುವುದಿಲ್ಲ ಎಂಬುದು ಅವರ ಹಳೆಯ ಸಿದ್ಧಾಂತ. ಇವತ್ತು ಅದಕ್ಕೊಂದು ತಿದ್ದುಪಡಿ ಸಿಕ್ಕಿತು.

“ಏನ್ರಿ ಎಂಜಿನಿಯರ್ ಸಾಹೇಬ್ರ. ನೀವು ಕೆಲ್ಸ ಮಾಡಂಗಿಲ್ಲ ಅಂತ ಇಷ್ಟು ವರ್ಷ ಬೈತಿದ್ದೆ. ಮಾಡಿದ್ರ ಹಿಂಗಾಗ್ತೈತಿ ಅಂತ ಗೊತ್ತಿರ್ಲಿಲ್ಲ, ಕ್ಷಮಿಸ್ರಿ.”

“ಭಾವ, ಇದನ್ನ ಹಗ್ಗ ಕಟ್ಟಿ ಎಳೀಬಾರ್ದು. ಆಟೊಮ್ಯಾಟಿಕ್, ಒಳಗೆ ಇನ್ನಷ್ಟು ಹಾಳಾಗುತ್ತೆ,” ಅಂದೆ.

“ಉಳಿದಿದ್ದು ಏನೈತಿ ಹಾಳಾಗಾಕ?”

ಅರ್ಧ ಗಂಟೆ ತಣ್ಣಗಾದ ಮೇಲೆ ಕಾರು ತಾನಾಗಿಯೇ ಕದಲಿತು. ಅವಳೇ ಓಡಿಸಿದಳು. ಭಾವ ಸ್ಕೂಟರಿನಲ್ಲಿ ಮುಂದೆ ದಾರಿ ತೋರಿಸಿದರು. ನಾನು ಹಿಂದಿನ ಸೀಟಿನಲ್ಲಿ, ಗೃಹಪ್ರವೇಶಕ್ಕೆಂದು ತಂದ ತೆಂಗಿನಕಾಯಿ ಚೀಲದ ಜೊತೆ. ಮುಂದೆ ಕೂರಲು ಹೋದಾಗ ಅವಳು ತನ್ನ ಬ್ಯಾಗನ್ನು ಆ ಸೀಟಿನ ಮೇಲೆ ಇಟ್ಟಿದ್ದಳು.

ಹತ್ತಿರದಲ್ಲೇ ಇರುವ ಆಟೋನಗರದಲ್ಲಿ ಗೇರ್‌ಬಾಕ್ಸ್ ಕೆಲಸವನ್ನಷ್ಟೇ ಮಾಡುವ ಒಬ್ಬ ಮೆಕ್ಯಾನಿಕ್. ನನ್ನದೇ ವಯಸ್ಸು, ಕನ್ನಡಕ ದಾರದಲ್ಲಿ ಕೊರಳಿಗೆ ನೇತಾಡುತ್ತಿತ್ತು. ಬಾನೆಟ್ ಎತ್ತಿದ. ಎಂಜಿನ್ ಓಡುತ್ತಲೇ ಇತ್ತು. ಅವನು ಅಳೆಯುವ ಕಡ್ಡಿಗೆ ಕೈ ಹಾಕಿದ.

ನನ್ನ ಬಾಯಿಂದ ಮಾತು ತಾನಾಗಿಯೇ ಹೊರಬಿತ್ತು. “ಆಗಂಡಿ, ಆಗಂಡಿ. ಮುಂದು ಎಂಜಿನ್ ಆಫ್ ಚೆಯ್ಯಂಡಿ.” ನಿಲ್ಲಿ, ಮೊದಲು ಎಂಜಿನ್ ಆಫ್ ಮಾಡಿ ಎನ್ನುತ್ತಾ ಅವನ ಕೈಯನ್ನೂ ಹಿಡಿದುಕೊಂಡಿದ್ದೆ.

ಅವನು ನನ್ನ ಕೈ ನೋಡಿದ, ಆಮೇಲೆ ನನ್ನನ್ನು. “ಆಫ್ ಚೇಸ್ತೆ ಏಮಿ ತೆಲುಸ್ತುಂದಿ ಸಾರ್?” ಆಫ್ ಮಾಡಿದರೆ ಏನು ಗೊತ್ತಾಗುತ್ತದೆ ಎಂದು ಕೇಳುತ್ತಿದ್ದ. ಮಾತು ಮೆತ್ತಗಿತ್ತು. “ಸಾರ್ ಏಂ ಪನಿ ಚೇಸ್ತಾರು?” ನನ್ನ ಕೆಲಸ ಏನೆಂದು ವಿಚಾರಿಸಿದ.

ಭಾವ ಈ ಕ್ಷಣಕ್ಕಾಗಿಯೇ ಹುಟ್ಟಿದವರ ಹಾಗೆ ಮುಂದೆ ಬಂದರು. “ವೈಜಾಗ್‌ಲೋ ಪೆದ್ದ ಫ್ಯಾಕ್ಟರಿ. ಮೇಂಟೆನೆನ್ಸ್ ಎಂಜಿನಿಯರ್.” ತೆಲುಗಿನಲ್ಲಿ ಪೆದ್ದ ಎಂದರೆ ದೊಡ್ಡದು.

“ಆ,” ಅಂದ ಮೆಕ್ಯಾನಿಕ್. ರೋಗದ ಹೆಸರು ಸಿಕ್ಕಿದ ವೈದ್ಯನ ಹಾಗೆ. ಫ್ಯಾಕ್ಟರಿಯವರು ವರ್ಷಕ್ಕೆ ಒಬ್ಬಿಬ್ಬರಾದರೂ ಬರುತ್ತಾರೆ, ಎಲ್ಲರೂ ನಿಲ್ಲಿಸಿಯೇ ನೋಡುವವರು ಎಂದು ತೆಲುಗಿನಲ್ಲಿ ಹೇಳಿದ. ಆಮೇಲೆ ನನಗಾಗಿ ಎಂಜಿನ್ ಆಫ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಕಡ್ಡಿ ತೆಗೆದು ತೋರಿಸಿದ. ಎಣ್ಣೆ ಗೆರೆಗೆ ಸರಿಯಾಗಿ. ಮತ್ತೆ ಎಂಜಿನ್ ಸ್ಟಾರ್ಟ್ ಮಾಡಿ, ಗೇರ್ ಲಿವರನ್ನು ಎಲ್ಲ ಸ್ಥಾನಗಳಿಗೂ ಒಮ್ಮೆ ತಂದು, ಓಡುತ್ತಿರುವಾಗಲೇ ಕಡ್ಡಿ ತೆಗೆದ. ಒಣಗಿತ್ತು. ತುದಿಯಲ್ಲಿ ಒಂದು ಹನಿಯೂ ಇರಲಿಲ್ಲ. ಎಂಜಿನ್ ನಿಂತಾಗ ಒಳಗಿನ ಎಣ್ಣೆಯೆಲ್ಲ ಇಳಿದು ಕೆಳಗಿನ ತಟ್ಟೆಯಲ್ಲಿ ಕೂಡುತ್ತದೆ, ಕಡ್ಡಿಗೆ ತುಂಬಿದಂತೆ ಕಾಣುತ್ತದೆ. ಓಡುವಾಗ ಎಣ್ಣೆ ಮೇಲೇರಿ ಹೋಗಿಬಿಡುತ್ತದೆ. ನಿಜವಾದ ಮಟ್ಟ ಆಗ ಮಾತ್ರ ಗೊತ್ತಾಗುತ್ತದೆ. ಇದು ಎರಡು ನಿಮಿಷದ ಪಾಠ. ಮೂರು ವಾರ ನಾನು ದಿನಾ ಬೆಳಗ್ಗೆ ಕೆಳಗಿಳಿದು ಒಂದು ಸುಳ್ಳನ್ನು ಅಳೆದು ಬರುತ್ತಿದ್ದೆ.

ಹೆಂಡತಿ ಬ್ಯಾಗಿನಿಂದ ಬಿಳಿ ಟಿಶ್ಯೂ ತೆಗೆದಳು. ತಳದಿಂದ ಒಂದು ತೊಟ್ಟು ಎಣ್ಣೆ ಕೊಡಿ ಎಂದು ಕೇಳಿ, ಅದರ ಮೇಲೆ ಬಿಡಿಸಿಕೊಂಡು, ಬೆಳಕಿಗೆ ಹಿಡಿದು ನೋಡಿದಳು. ಮೂಗಿನ ಹತ್ತಿರ ತಂದಳು. ಮೂರು ವಾರದ ಹಿಂದೆ ಕುಂಕುಮದ ಬಣ್ಣದಲ್ಲಿ ನಾನು ಸುರಿದದ್ದು ಕಂದಾಗಿತ್ತು, ಸೀದ ವಾಸನೆ.

“ನಮ್ಮ ಲ್ಯಾಬ್‌ನಾಗ ಇಂಥ ಸ್ಯಾಂಪಲ್ ಬಂದ್ರ ನಾವು ಮೊದ್ಲು ಕೇಳೂದು ಒಂದ,” ಅಂದಳು. “ಎಷ್ಟು ದಿನದಿಂದ ಮುಚ್ಚಿಟ್ಟಾರಂತ.”

ಮೆಕ್ಯಾನಿಕ್ ಎಣ್ಣೆ ಬದಲಾಯಿಸಿ, ಓಡುವ ಎಂಜಿನ್ನಿನಲ್ಲೇ ಮಟ್ಟ ನೋಡಿ ತುಂಬಿಸಿದ. ಒಳಗಿನ ಪ್ಲೇಟುಗಳು ಸವೆದಿವೆ ಎಂದ. ಇನ್ನೂ ಐದು ವರ್ಷ ಓಡಬಹುದು, ಐದು ತಿಂಗಳಿಗೆ ನಿಲ್ಲಬಹುದು. ಡಿಗೆ ಹಾಕಿದ ಮೇಲೆ ಹೊರಡಲು ತೆಗೆದುಕೊಳ್ಳುವ ಸಮಯ ಉದ್ದವಾಗುತ್ತಾ ಹೋದರೆ ಮುಗಿಯಿತು ಎಂದು ತಿಳಿಯಿರಿ. ಇದನ್ನೆಲ್ಲ ಅವಳಿಗೆ ಹೇಳಿದ. ನನ್ನ ಕಡೆ ತಿರುಗಲಿಲ್ಲ.

ಗೃಹಪ್ರವೇಶ ಚೆನ್ನಾಗಿ ಆಯಿತಂತೆ. ನಾನು ಅಲ್ಲೇ ಇದ್ದೆ, ಆದರೂ ‘ಅಂತೆ’ ಎಂದೇ ಹೇಳಬೇಕು. ಭಾವ ಬಂದವರಿಗೆಲ್ಲ ನನ್ನನ್ನು ಪರಿಚಯಿಸಿದರು. ಪ್ರತಿ ಸಲವೂ ಕತೆ ಸ್ವಲ್ಪ ಬೆಳೆಯುತ್ತಿತ್ತು. ಊಟದ ಹೊತ್ತಿಗೆ ಅವರ ಕತೆಯಲ್ಲಿ ನಾನು ಕೆಂಪು ಚೀಟಿಯನ್ನು ನನ್ನ ಕೊರಳಿಗೇ ಕಟ್ಟಿಕೊಂಡಿದ್ದೆ. ಚೀಟಿಯ ವಿಷಯ ಅವರಿಗೆ ಹೇಳಿದವರು ಯಾರು ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಹೊಸ ಮನೆಯ ಮೋಟರ್ ಸ್ವಿಚ್ಚಿನ ಪಕ್ಕ ನಾನು ನಿಂತಿದ್ದನ್ನು ಕಂಡು, “ಸಾಹೇಬ್ರ, ಅದನ್ನ ಮುಟ್ಟಬ್ಯಾಡ್ರಿ, ಓಡಾಕ ಹತ್ತೈತಿ,” ಎಂದು ಎಲೆಗಳ ಸಾಲಿನ ಆಚೆಯಿಂದ ಕೂಗಿದರು. ಅವರ ಮನೆಯ ಹೋಳಿಗೆಯನ್ನು ಅರ್ಧಕ್ಕೇ ಬಿಟ್ಟು ಎದ್ದೆ. ನನಗೆ ಅವರ ಮನೆಯೂ ಬೇಡವಾಗಿತ್ತು, ಅವರ ನದಿಯೂ ಬೇಡವಾಗಿತ್ತು.

ಮರುದಿನ ಬೆಳಗ್ಗೆ ಅವಳು ಕೀಲಿ ಹಿಡಿದು ನಿಂತಳು. “ನೀವು ರೈಲಿಗೆ ಬರ್ರಿ.”

“ದಾರಿಯಲ್ಲಿ ನಿಂತುಹೋದ್ರೆ?”

“ನಿಂತ್ರ ನಿಲ್ತೈತಿ. ನೀವು ಪಕ್ಕದಾಗ ಕುಂತ್ರ ನಾ ರಸ್ತಾ ನೋಡ್ಲೋ, ನಿಮ್ಮ ಮಾರಿ ನೋಡ್ಲೋ.”

ಭಾವ ನನ್ನನ್ನು ಸ್ಟೇಷನ್ನಿಗೆ ಸ್ಕೂಟರಿನಲ್ಲಿ ಬಿಟ್ಟರು.  ಇಳಿದಾಗ, “ಆಕಿ ಕಾಲು ಮುರದಾಗ ನಾ ಬಂದು ನೋಡೀನ್ರಿ. ಆ ಗಾಡಿ ಬರೋ ಮಟ ಆಕಿ ನಕ್ಕಿರ್ಲಿಲ್ಲ. ನಿಮಗ ನೆನಪೈತೋ ಇಲ್ಲೋ,” ಎಂದು ಹೇಳಿ ಹೊರಟುಹೋದರು. ಇಡೀ ಎರಡು ದಿನದಲ್ಲಿ ಅವರು ತಮಾಷೆ ಮಾಡದೆ ಆಡಿದ ಮಾತು ಅದೊಂದೇ. ಉಳಿದವೇ ವಾಸಿಯಿದ್ದವು.

ರೈಲಿನಲ್ಲಿ ಕಿಟಕಿಗೆ ಅಂಟಿಕೊಂಡು ಕುಳಿತೆ. ಗೋದಾವರಿಯ ಸೇತುವೆಯ ಮೇಲೆ, ಹೆದ್ದಾರಿ ನದಿ ದಾಟುವುದು ಬೇರೆಲ್ಲೋ ಎಂದು ಗೊತ್ತಿದ್ದೂ, ಅವಳ ಕಾರಿಗಾಗಿ ಹುಡುಕಿದೆ. ಏಳು ಸಲ ಫೋನ್ ಮಾಡಿದೆ. ಎಂಟನೆಯದಕ್ಕೆ ಒಂದು ಸಂದೇಶ ಬಂತು: ಓಡಿಸುತ್ತಿರುವಾಗ ಮಾತಾಡುವಂತಿಲ್ಲ. ನಮ್ಮ ಕಾರ್ಖಾನೆಯ ಗೋಡೆಯ ಮೇಲೆ ಬರೆಸಿದ ಹಾಗಿತ್ತು.

ಮನೆಗೆ ಹತ್ತಿರದ ದುವ್ವಾಡ ಸ್ಟೇಷನ್ನಿನಲ್ಲಿ ಇಳಿದು ಆಟೊ ಹಿಡಿದು ಮನೆಗೆ ಬಂದಾಗ ಪಾರ್ಕಿಂಗ್ ಖಾಲಿ. ಅಲ್ಲೇ ಕಾಂಪೌಂಡಿನ ಕಟ್ಟೆಯ ಮೇಲೆ ಕುಳಿತೆ. ಆ ಭಾನುವಾರದ ಕಲೆ ಇನ್ನೂ ನೆಲದ ಮೇಲಿತ್ತು, ನಾನು ಮರಳು ಹಾಕಿ ತಿಕ್ಕಿದ್ದರೂ. ಸಂಜೆ ಐದರ ಸುಮಾರಿಗೆ ಅವಳು ಬಂದಳು. ಕಾರು ನಿಲ್ಲಿಸಿದಳು, ಎಂಜಿನ್ ಆಫ್ ಮಾಡಲಿಲ್ಲ. ಇಳಿದು ತಾನೇ ಬಾನೆಟ್ ಎತ್ತಿ, ಓಡುತ್ತಿರುವ ಎಂಜಿನ್ನಿನ ಪಕ್ಕ ಬಗ್ಗಿ, ಕಡ್ಡಿ ತೆಗೆದು ಒರೆಸಿ ಮತ್ತೆ ಅದ್ದಿ ನೋಡಿದಳು. ಅವಳ ದುಪಟ್ಟಾದ ತುದಿ ಫ್ಯಾನಿನ ಕಡೆ ಜಾರಿತು. ನಾನು ಕಟ್ಟೆಯಿಂದ ಎದ್ದುನಿಂತೆ. ಅವಳು ಅದನ್ನು ಭುಜಕ್ಕೆ ಎಸೆದುಕೊಂಡಳು. ಟಿಶ್ಯೂ ಮೇಲೆ ಒಂದು ತೊಟ್ಟು. ಕೆಂಪಗಿತ್ತು. ನನಗೆ ತೋರಿಸಲಿಲ್ಲ, ನಾನೇ ಕತ್ತು ಚಾಚಿ ನೋಡಿದ್ದು.

ಆಮೇಲೆ ಕಾರಿನ ಒಳಗಿಂದ ನನ್ನ ಕೆಂಪು ಚೀಟಿ ತಂದಳು. ನಾನು ಅದನ್ನು ಡ್ಯಾಷ್‌ಬೋರ್ಡಿನ ಪೆಟ್ಟಿಗೆಯಲ್ಲಿ ಬಚ್ಚಿಟ್ಟು ಮರೆತಿದ್ದೆ. ನಾನು ಯಾರಿಗೂ ಹೇಳದ ಚೀಟಿಯ ವಿಷಯ ಭಾವನಿಗೆ ತಲುಪಿದ್ದು ಅವಳಿಂದಲೇ; ಹಾಗಾದರೆ ಅವಳಿಗೆ ಮೊದಲೇ ಗೊತ್ತಿತ್ತು. ಮೂರು ವಾರ ನನ್ನ ಬಾಯಿಂದ ಬರಲಿ ಎಂದು ಕಾಯುತ್ತಿದ್ದಳು. ಚೀಟಿಯಲ್ಲಿ ನನ್ನ ಹೆಸರು ಹೊಡೆದು ತನ್ನ ಹೆಸರು ಬರೆದಳು. ಕಾರಣ ಎಂಬಲ್ಲಿ ನಾನು ‘ಕೆಲಸ ನಡೆಯುತ್ತಿದೆ’ ಎಂದು ಬರೆದಿದ್ದೆ. ಅದನ್ನೂ ಹೊಡೆದು ‘ಓಡುತ್ತಿದೆ’ ಎಂದು ಬರೆದು, ಬಾನೆಟ್ ತೆರೆಯಲು ಎಳೆಯುವ ಹಿಡಿಗೆ ಕಟ್ಟಿದಳು. ಅದು ಇವತ್ತಿಗೂ ಅಲ್ಲೇ ಇದೆ. ನಿಯಮ ನನಗೆ ಗೊತ್ತು. ಮುಟ್ಟಿಲ್ಲ.

ಇದಾಗಿ ಎಂಟು ತಿಂಗಳಾಯಿತು. ಬೆಳಗ್ಗೆ ಅವಳು ಕೆಳಗಿಳಿದಾಗ ನಾನು ಬಾಲ್ಕನಿಯಲ್ಲಿ, ಒಣಗಿಸಿದ ಬಟ್ಟೆಗಳ ಹಿಂದೆ ನಿಲ್ಲುತ್ತೇನೆ. ಡಿಗೆ ಹಾಕಿದಾಗ ಕಾರು ಸಣ್ಣಗೆ ನಡುಗುತ್ತದೆ, ಮೂರನೇ ಮಹಡಿಯಿಂದಲೂ ಕಾಣುತ್ತದೆ. ಅಲ್ಲಿಂದ ಅದು ಹೊರಡುವವರೆಗೆ ಎಣಿಸುತ್ತೇನೆ. ಮೊದಲೆಲ್ಲ ಒಂದು ಎನ್ನುವಷ್ಟರಲ್ಲಿ ಹೊರಡುತ್ತಿತ್ತು. ಕಳೆದ ತಿಂಗಳಿಂದ ಎರಡು. ಇವತ್ತು ಮೂರರವರೆಗೆ ಎಣಿಸಿದೆ.

ಚಪ್ಪಲಿಯೂ ಹಾಕದೆ ಕೆಳಗೆ ಓಡಿದೆ. ಎರಡನೇ ಮಹಡಿಯಲ್ಲಿ ಹಳೆಯ ಅಭ್ಯಾಸದಂತೆ ಕಾಲು ನಿಧಾನವಾಯಿತು, ನಿಲ್ಲಲಿಲ್ಲ. ಗೇಟಿನ ಬಳಿ ಕಾರಿಗೆ ಅಡ್ಡ ನಿಂತೆ. ಅವಳು ಗಾಜು ಅರ್ಧ ಇಳಿಸಿದಳು.

“ಇವತ್ತು ಮೂರಾಯ್ತು,” ಅಂದೆ, ಏದುಸಿರಿನಲ್ಲಿ. “ಡಿಗೆ ಹಾಕಿದ್ಮೇಲೆ. ಕಳೆದ ತಿಂಗಳಿಂದ ಎರಡಿತ್ತು.”

“ಗೊತ್ತೈತಿ,” ಅಂದಳು. “ಒಳಗ ಕುಂತು ನಾನೂ ಎಣಸ್ತೀನಿ.”

ನನ್ನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದಳು. ಬರಿಗಾಲು, ಬನಿಯನ್ನು, ಭುಜದ ಮೇಲೆ ಬಾಲ್ಕನಿಯಿಂದ ಅಂಟಿಕೊಂಡು ಬಂದ ಅವಳದೇ ಟವೆಲು.

“ಸರೀರಿ ಅತ್ತಾಗ. ಹೊತ್ತಾಗ್ತೈತಿ.”

ಸರಿದೆ.